ಘಾತಾಂಕ ಇರುವ ಬೀಜೋಕ್ತಿಗಳನ್ನು ತಪ್ಪಿಲ್ಲದೆ ಸರಳೀಕರಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ನಿಯಮಗಳೆಲ್ಲ ಬಾಯಿಪಾಠ ಇರುತ್ತವೆ. ಕೇಳಿದರೆ ಪಟಪಟ ಹೇಳುತ್ತಾರೆ. ಆದರೆ ಮೂರು ಆವರಣ, ಎರಡು ಋಣ ಘಾತಾಂಕ ಇರುವ ಒಂದು ಲೆಕ್ಕ ಕೊಟ್ಟರೆ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಉತ್ತರ ಎಲ್ಲೋ ಹೋಗಿರುತ್ತದೆ. ಬೆಂಗಳೂರಿನಲ್ಲಿ ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳಿಗೆ ಪಾಠ ಹೇಳುವಾಗ ನಾನು ಮತ್ತೆ ಮತ್ತೆ ನೋಡುವುದು ಇದೇ. ಸಮಸ್ಯೆ ನಿಯಮಗಳದ್ದಲ್ಲ, ಕ್ರಮದ್ದು. ನಿಯಮ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಈ ಘಾತಾಂಕ ಯಾವುದರ ಮೇಲೆ ಕೂತಿದೆ? ಪಕ್ಕದ ಪದದ ಜೊತೆ ನಡುವೆ ಯಾವ ಚಿಹ್ನೆ ಇದೆ? ಈ ಎರಡಕ್ಕೂ ಉತ್ತರ ಗೊತ್ತಿಲ್ಲದೆ ಪೆನ್ನು ಓಡಿಸಿದರೆ ಗೊತ್ತಿರುವ ನಿಯಮವೂ ತಪ್ಪು ಜಾಗದಲ್ಲಿ ಬೀಳುತ್ತದೆ.

ಒಂದು ಮಾತು. ನಿಮ್ಮ ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಇಲ್ಲಿ ಅವುಗಳ ಜಾಗದಲ್ಲಿ ಕ, ಗ ಬಳಸಿದ್ದೇನೆ. ಲೆಕ್ಕದಲ್ಲಿ ಏನೂ ವ್ಯತ್ಯಾಸ ಇಲ್ಲ. ಕ, ಗ ಎರಡೂ ಸೊನ್ನೆ ಅಲ್ಲ ಎಂದೇ ಇಟ್ಟುಕೊಳ್ಳೋಣ, ಯಾಕೆಂದರೆ ಛೇದದಲ್ಲಿ ಸೊನ್ನೆ ಬರುವ ಹಾಗಿಲ್ಲ.

## ಶುರು ಮಾಡುವ ಮುಂಚೆ ಏನೇನು ಬೇಕು

ಗೆರೆ ಇರುವ ನೋಟ್‌ಬುಕ್, ಪೆನ್ಸಿಲ್, ಎರಡು ಬಣ್ಣದ ಪೆನ್ನು. ಅಷ್ಟೇ. ರಫ್ ಹಾಳೆಯ ಮೂಲೆಯಲ್ಲಿ ಇಕ್ಕಟ್ಟಾಗಿ ಮಾಡಬೇಡಿ. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಿರಿ, ಘಾತಾಂಕಕ್ಕೆ ಮೇಲೆ ಜಾಗ ಬೇಕು. ಅವಸರದಲ್ಲಿ ಬರೆದ ಕ² ಮುಂದಿನ ಸಾಲಿನಲ್ಲಿ 2ಕ ಆಗಿಬಿಡುವುದನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ನೋಡಿದ್ದೇನೆ. ಭಾಗಾಕಾರವನ್ನು ಇಲ್ಲಿ ಓರೆ ಗೆರೆ ಹಾಕಿ ತೋರಿಸಿದ್ದೇನೆ, ನೀವು ನೋಟ್‌ಬುಕ್ಕಿನಲ್ಲಿ ಅಡ್ಡ ಗೆರೆ ಎಳೆದು ಮೇಲೆ ಅಂಶ, ಕೆಳಗೆ ಛೇದ ಬರೆಯಿರಿ.

ಈ ಪಾಠ ಏಳನೇ ತರಗತಿಯಲ್ಲಿ ಶುರುವಾಗುತ್ತದೆ, ಎಂಟರಲ್ಲಿ ಋಣ ಘಾತಾಂಕ ಸೇರಿಕೊಳ್ಳುತ್ತದೆ. ನೀವು ಪಿಯುಸಿಯಲ್ಲಿದ್ದು ಇನ್ನೂ ತಡವರಿಸುತ್ತಿದ್ದರೆ ಆ ಎರಡು ಪುಸ್ತಕ ತಂದಿಟ್ಟುಕೊಳ್ಳಿ, ನಾಚಿಕೆ ಏನಿಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ. ಕನ್ನಡ ಮಾಧ್ಯಮದಿಂದ ಬಂದು ಕಾಲೇಜಿನಲ್ಲಿ ಬೇಸ್, ಪವರ್ ಎಂಬ ಮಾತು ಕೇಳಿ ಗಾಬರಿಯಾದವರಿಗೂ ಇದೇ ಉಪಾಯ, ಕಾಲೇಜಿನವರು ಹೇಳುತ್ತಿರುವುದು ನಿಮಗೆ ಗೊತ್ತಿರುವ ಆಧಾರ, ಘಾತದ ವಿಷಯವನ್ನೇ.

ಫೋಟೋ ತೆಗೆದರೆ ಉತ್ತರ ಕೊಡುವ ಆ್ಯಪ್‌ಗಳನ್ನು ಕೊನೆಯಲ್ಲಿ ಬಳಸಿ, ಮೊದಲಲ್ಲ. ಉತ್ತರ ಗೊತ್ತಾದ ಮೇಲೆ ಎಲ್ಲ ಸಾಲೂ ಸರಿ ಇದ್ದ ಹಾಗೇ ಕಾಣುತ್ತದೆ.

ನಿಯಮಗಳು ಇವು, ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟುಕೊಳ್ಳಿ:

ಕ³ × ಕ⁴ = ಕ⁷
ಕ⁷ / ಕ³ = ಕ⁴
(ಕ³)² = ಕ⁶
(ಕಗ)³ = ಕ³ಗ³
(ಕ/ಗ)³ = ಕ³/ಗ³
ಕ⁰ = 1
ಕ⁻² = 1/ಕ²

ಪರೀಕ್ಷೆಯಲ್ಲಿ "ಕೂಡಬೇಕಾ, ಗುಣಿಸಬೇಕಾ" ಎಂದು ಗೊಂದಲ ಆದರೆ ಬಿಡಿಸಿ ಬರೆಯಿರಿ. ಕ³ ಅಂದರೆ ಮೂರು ಕ, ಕ⁴ ಅಂದರೆ ನಾಲ್ಕು ಕ, ಗುಣಿಸಿದರೆ ಒಟ್ಟು ಏಳು. (ಕ³)² ಅಂದರೆ ಕ³ ಎರಡು ಸಲ, ಮೂರು ಮತ್ತು ಮೂರು ಆರು. ಹತ್ತು ಸೆಕೆಂಡಿನ ಕೆಲಸ. ನೆನಪಿನ ಮೇಲೆ ಜೂಜಾಡುವುದಕ್ಕಿಂತ ಇದು ಎಷ್ಟೋ ವಾಸಿ.

## ಹಂತ 1: ಪ್ರತಿ ಘಾತಾಂಕದ ಆಧಾರಕ್ಕೆ ಅಡಿಗೆರೆ ಎಳೆಯಿರಿ

ಲೆಕ್ಕ ಬರೆದುಕೊಂಡ ತಕ್ಷಣ ಏನನ್ನೂ ಬಿಡಿಸಬೇಡಿ. ಬಣ್ಣದ ಪೆನ್ನು ತೆಗೆದುಕೊಂಡು ಪ್ರತಿ ಘಾತಾಂಕ ಯಾವುದರ ಮೇಲೆ ಕೂತಿದೆಯೋ ಅದಕ್ಕೆ ಅಡಿಗೆರೆ ಎಳೆಯಿರಿ. ನನ್ನ ಪ್ರಕಾರ ಈ ಒಂದು ಹಂತ ಸರಿಯಾಗಿ ಮಾಡಿದರೆ ಅರ್ಧದಷ್ಟು ತಪ್ಪು ಅಲ್ಲೇ ನಿಲ್ಲುತ್ತದೆ. ಸುಮ್ನೆ ಓದಿ ಮುಂದೆ ಹೋಗಬೇಡಿ, ನಿಜವಾಗಿ ಗೆರೆ ಎಳೆಯಿರಿ.

ಘಾತಾಂಕ ತನ್ನ ಎಡಕ್ಕೆ ಅಂಟಿಕೊಂಡಿರುವ ಒಂದೇ ಒಂದು ಅಕ್ಷರಕ್ಕೆ ಅಥವಾ ಒಂದು ಸಂಖ್ಯೆಗೆ ಸೇರಿದ್ದು. ಎಡಕ್ಕೆ ಆವರಣ ಮುಚ್ಚಿದ್ದರೆ ಮಾತ್ರ ಇಡೀ ಆವರಣಕ್ಕೆ. ವಠಾರದ ಗೇಟಿಗೆ ಅಂಟಿಸಿದ ನೋಟಿಸು ಒಳಗಿನ ಎಲ್ಲ ಮನೆಗೂ ಅನ್ವಯಿಸುತ್ತದೆ, ಒಂದು ಮನೆಯ ಬಾಗಿಲಿಗೆ ಅಂಟಿಸಿದ್ದು ಆ ಮನೆಗೆ ಮಾತ್ರ. ಹಾಗೇ ಇದು.

2ಕ³ ದಲ್ಲಿ ಘನ ಆಗುವುದು ಕ ಮಾತ್ರ. (2ಕ)³ ದಲ್ಲಿ 2 ಕೂಡ ಘನ ಆಗುತ್ತದೆ, ಅಂದರೆ 8ಕ³. ಕಗ² ದಲ್ಲಿ ವರ್ಗ ಗ ಗೆ ಮಾತ್ರ.

ಇನ್ನು ಋಣ ಚಿಹ್ನೆ. −3² ಎಷ್ಟು? −9. (−3)² ಎಷ್ಟು? 9. ಮೊದಲನೆಯದರಲ್ಲಿ ವರ್ಗ 3 ಕ್ಕೆ ಮಾತ್ರ ಸೇರಿದ್ದು, ಋಣ ಚಿಹ್ನೆ ಹೊರಗೆ ಕಾಯುತ್ತಿದೆ. ಕಂಪ್ಯೂಟರಿನಲ್ಲಿ ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ: ಎಕ್ಸೆಲ್‌ನಲ್ಲಿ =−3^2 ಎಂದು ಹಾಕಿದರೆ 9 ತೋರಿಸುತ್ತದೆ. ಅದು ಋಣ ಚಿಹ್ನೆಯನ್ನು ಸಂಖ್ಯೆಯ ಜೊತೆ ಮೊದಲೇ ಸೇರಿಸಿಕೊಳ್ಳುತ್ತದೆ. ಗಣಿತದ ಪುಸ್ತಕದ ಕ್ರಮ ಅದಲ್ಲ. ಆಫೀಸಿನಲ್ಲಿ ಎಕ್ಸೆಲ್ ಬಳಸುವ ಅಪ್ಪ ಅಮ್ಮ ಮಕ್ಕಳ ಉತ್ತರವನ್ನು ಅದರಲ್ಲಿ ತಾಳೆ ನೋಡಿ "ನೀನು ಮಾಡಿದ್ದು ತಪ್ಪು" ಎನ್ನುವ ಮುಂಚೆ ಇದು ಗೊತ್ತಿರಲಿ.

ಎಚ್ಚರಿಕೆಯ ಗುರುತು: ಬೆಲೆ ಹಾಕುವಾಗ ಆವರಣ ಬಿಟ್ಟುಹೋಗುವುದು. ಕ = −3 ಆದಾಗ ಕ² ಬರೆಯಬೇಕಾದದ್ದು (−3)². ಆವರಣ ಇಲ್ಲದೆ ಬರೆದರೆ ಮುಂದಿನ ಸಾಲಿನಲ್ಲಿ ಚಿಹ್ನೆ ತಪ್ಪುವುದು ಖಂಡಿತ.

## ಹಂತ 2: ಪದಗಳ ನಡುವೆ ಕೂಡುವ ಚಿಹ್ನೆಯೋ, ಗುಣಿಸುವ ಚಿಹ್ನೆಯೋ ನೋಡಿ

ಎರಡನೇ ಬಣ್ಣದಲ್ಲಿ, ಆವರಣದ ಹೊರಗಿರುವ ಪ್ರತಿ + ಮತ್ತು − ಚಿಹ್ನೆಗೆ ಸುತ್ತು ಹಾಕಿ. ಈಗ ಬೀಜೋಕ್ತಿ ತುಂಡು ತುಂಡಾಗಿ ಕಾಣುತ್ತದೆ. ಘಾತಾಂಕದ ನಿಯಮಗಳು ಒಂದು ತುಂಡಿನ ಒಳಗೆ ಮಾತ್ರ ನಡೆಯುತ್ತವೆ. ತುಂಡು ದಾಟಿ ನಡೆಯುವುದಿಲ್ಲ.

ಕ² × ಕ³ = ಕ⁵. ಸರಿ. ಆದರೆ ಕ² + ಕ³ ಹಾಗೇ ಉಳಿಯುತ್ತದೆ, ಅದನ್ನು ಏನೂ ಮಾಡಲಾಗದು. ಕ = 3 ಇಟ್ಟು ನೋಡಿ: 9 + 27 = 36. ಕ⁵ ಆಗಿದ್ದರೆ 243 ಬರಬೇಕಿತ್ತು. ಹತ್ತಿರವೂ ಇಲ್ಲ ಅಲ್ವಾ?

ಕ³ + ಕ³ = 2ಕ³. ಇದು ಕ⁶ ಅಲ್ಲ. ಸಜಾತಿ ಪದಗಳನ್ನು, ಅಂದರೆ ಅಕ್ಷರವೂ ಅದರ ಘಾತಾಂಕವೂ ಒಂದೇ ಇರುವ ಪದಗಳನ್ನು, ಕೂಡಿದಾಗ ಬದಲಾಗುವುದು ಸಹಗುಣಕ (ಅಕ್ಷರದ ಮುಂದಿರುವ ಸಂಖ್ಯೆ), ಘಾತಾಂಕ ಕದಲುವುದಿಲ್ಲ. ಗುಣಿಸಿದಾಗ ಘಾತಾಂಕ ಬದಲಾಗುತ್ತದೆ, ಸಹಗುಣಕಗಳು ತಮ್ಮ ಪಾಡಿಗೆ ಗುಣಿಸಿಕೊಳ್ಳುತ್ತವೆ. 3ಕ² × 5ಕ⁴ = 15ಕ⁶. ಇಲ್ಲಿ 8ಕ⁶ ಬರೆಯುವವರು ಸಹಗುಣಕಗಳನ್ನೂ ಕೂಡಿಬಿಟ್ಟಿರುತ್ತಾರೆ, 15ಕ⁸ ಬರೆಯುವವರು ಘಾತಾಂಕಗಳನ್ನೂ ಗುಣಿಸಿಬಿಟ್ಟಿರುತ್ತಾರೆ. ನಿಮ್ಮ ತಪ್ಪು ಯಾವ ಜಾತಿಯದು ಎಂದು ತಿಳಿದುಕೊಂಡರೆ ತಿದ್ದುವುದು ಬೇಗ ಆಗುತ್ತದೆ.

## ಹಂತ 3: ಆವರಣದ ಒಳಗಿನದ್ದು ಮೊದಲು ಸರಿಮಾಡಿ, ಆಮೇಲೆ ಹೊರಗಿನ ಘಾತಾಂಕ

ಆವರಣದ ಒಳಗೆ ಸರಳ ಮಾಡಬಹುದಾದ್ದು ಇದ್ದರೆ ಮೊದಲು ಅದನ್ನು ಮುಗಿಸಿ. (12ಕ⁵/4ಕ²)³ ನೋಡಿ. ನೇರವಾಗಿ ಘನ ಮಾಡಲು ಹೋದರೆ 1728 ಭಾಗಿಸು 64 ಎಂದು ಒದ್ದಾಡಬೇಕು. ಒಳಗೆ ಮೊದಲು ಸರಳ ಮಾಡಿದರೆ (3ಕ³)³, ಅಂದರೆ 27ಕ⁹. ಮುಗಿಯಿತು.

ಹೊರಗಿನ ಘಾತಾಂಕವನ್ನು ಹಂಚುವಾಗ ಮರೆತುಹೋಗುವುದು ಸಹಗುಣಕ. (2ಕ³)⁴ ಅನ್ನು 2ಕ¹² ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಸರಿ ಉತ್ತರ 16ಕ¹². ಇನ್ನೂ ಕೆಲವರು 8ಕ¹² ಬರೆಯುತ್ತಾರೆ, 2 ನ್ನು 4 ರಿಂದ ಗುಣಿಸಿ. ಅಕ್ಷರಕ್ಕೆ ಈಗಾಗಲೇ ಇರುವ ಘಾತಾಂಕವನ್ನು ಗುಣಿಸಬೇಕು, ಸಂಖ್ಯೆಯನ್ನು ಘಾತಕ್ಕೆ ಏರಿಸಬೇಕು. ಗೊಂದಲ ಆಗುವಷ್ಟು ದಿನ 2 ರ ತಲೆಯ ಮೇಲೆ 1 ಬರೆದುಕೊಳ್ಳಿ: (2¹ಕ³)⁴ = 2⁴ಕ¹². ಆಗ ಎರಡಕ್ಕೂ ಒಂದೇ ನಿಯಮ.

ಈಗ ಎಲ್ಲಕ್ಕಿಂತ ಜಾಸ್ತಿ ಅಂಕ ತಿನ್ನುವ ಜಾಗ. ಆವರಣದ ಒಳಗೆ + ಅಥವಾ − ಇದ್ದರೆ ಹೊರಗಿನ ಘಾತಾಂಕವನ್ನು ಹಂಚುವ ಹಾಗಿಲ್ಲ. (ಕಗ)² = ಕ²ಗ² ನಿಜ. (ಕ + ಗ)² ಮಾತ್ರ ಕ² + ಗ² ಅಲ್ಲ. ಕ = 3, ಗ = 4 ಇಡಿ: (3 + 4)² = 49, ಆದರೆ 9 + 16 = 25. ಬಿಟ್ಟುಹೋದ 24 ಎಲ್ಲಿದೆ? ಅದೇ 2ಕಗ. ಪೂರ್ತಿ ರೂಪ ಕ² + 2ಕಗ + ಗ². ಎಂಟನೇ ತರಗತಿಯ ನಿತ್ಯಸಮೀಕರಣ ಇದೇ, ಬೇರೆ ಪಾಠದಲ್ಲಿ ಬಂದರೆ ಗುರುತೇ ಸಿಗುವುದಿಲ್ಲ ಅಷ್ಟೇ.

## ಹಂತ 4: ಚಿಹ್ನೆ, ಸಂಖ್ಯೆ, ಅಕ್ಷರ ಬೇರೆ ಬೇರೆ ಮಾಡಿ

ಒಂದು ತುಂಡಿನ ಒಳಗೆ ಆವರಣಗಳೆಲ್ಲ ಬಿಚ್ಚಿದ ಮೇಲೆ ಈ ಕ್ರಮ ಹಿಡಿಯಿರಿ: ಮೊದಲು ಚಿಹ್ನೆ, ಆಮೇಲೆ ಸಂಖ್ಯೆಗಳು, ಆಮೇಲೆ ಕ, ಕೊನೆಗೆ ಗ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದಲ್ಲ ಒಂದು ತಪ್ಪಿಸಿಕೊಳ್ಳುತ್ತದೆ.

ಸಂಖ್ಯೆಗಳಿಗೂ ಘಾತಾಂಕ ಇದ್ದು ಆಧಾರ ಬೇರೆ ಬೇರೆ ಇದ್ದರೆ ಅವಿಭಾಜ್ಯ ಅಪವರ್ತನಕ್ಕೆ ಇಳಿಸಿ. 4³ × 8² / 16² ಕೊಟ್ಟರೆ ಎಲ್ಲವೂ 2 ರ ಘಾತಗಳೇ: 2⁶ × 2⁶ / 2⁸ = 2⁴ = 16. ಆದರೆ 2³ × 3² ಅನ್ನು 6⁵ ಮಾಡಬೇಡಿ. ಅದು 8 × 9 = 72, ಅಷ್ಟೇ. ಆಧಾರ ಬೇರೆಯಾಗಿದ್ದರೂ ಘಾತಾಂಕ ಒಂದೇ ಇದ್ದರೆ ಆಧಾರಗಳನ್ನು ಗುಣಿಸಬಹುದು, 2³ × 5³ = 10³. ಎರಡೂ ಬೇರೆಯಾಗಿದ್ದರೆ ಕೈಮುಗಿದು ಹಾಗೇ ಬಿಡಿ.

## ಹಂತ 5: ಭಾಗಾಕಾರ

ಮೇಲಿನ ಘಾತಾಂಕದಿಂದ ಕೆಳಗಿನದನ್ನು ಕಳೆಯಿರಿ. ಯಾವಾಗಲೂ ಮೇಲಿನದು ಮೊದಲು. ಕೆಳಗಿನದು ಋಣವಾಗಿದ್ದರೆ ಕಳೆಯುವುದನ್ನು ಆವರಣ ಹಾಕಿ ಬರೆಯಿರಿ: ಕ⁵/ಕ⁻² ದಲ್ಲಿ 5 − (−2) = 7, ಉತ್ತರ ಕ⁷. ಆವರಣ ಹಾಕದೆ ಮನಸ್ಸಿನಲ್ಲೇ ಮಾಡಿದವರಿಗೆ ಸಾಮಾನ್ಯವಾಗಿ ಕ³ ಬರುತ್ತದೆ.

ಹೊಡೆದುಹಾಕುವಾಗ ಜಾಗ್ರತೆ. ಅಂಶದಲ್ಲಿ + ಇದ್ದಾಗ ಒಂದು ಪದವನ್ನು ಮಾತ್ರ ಹೊಡೆಯುವಂತಿಲ್ಲ. (ಕ⁵ + ಕ²)/ಕ² ಅನ್ನು ನೋಡಿ ಎರಡು ಕ² ಹೊಡೆದು ಕ⁵ ಎಂದು ಬರೆಯುತ್ತಾರೆ. ಪ್ರತಿ ಪದವನ್ನೂ ಭಾಗಿಸಬೇಕು: ಕ³ + 1. ಹೊಡೆದ ಜಾಗದಲ್ಲಿ ಉಳಿಯುವುದು 1, ಸೊನ್ನೆ ಅಲ್ಲ ಎಂಬುದನ್ನೂ ಗಮನಿಸಿ.

## ಹಂತ 6: ಸೊನ್ನೆ ಘಾತಾಂಕ

ಇದು ಚಿಕ್ಕದು. ಕ⁰ = 1. ಯಾಕೆ ಎಂದರೆ ಕ³/ಕ³ ಒಂದು ಕಡೆ 1, ಇನ್ನೊಂದು ಕಡೆ ನಿಯಮದ ಪ್ರಕಾರ ಕ⁰. ಹಂತ 1 ರ ಅಡಿಗೆರೆ ಇಲ್ಲಿ ಮತ್ತೆ ಬೇಕು: 5ಕ⁰ = 5, (5ಕ)⁰ = 1, −7⁰ = −1.

## ಹಂತ 7: ಋಣ ಘಾತಾಂಕವನ್ನು ಕೊನೆಗೆ ಬಿಡಿ

ಋಣ ಘಾತಾಂಕ ಕಂಡ ಕೂಡಲೇ ಭಿನ್ನರಾಶಿ ಮಾಡುವ ಚಟ ಬಿಡಿ. ಮೊದಲೇ ತಿರುಗಿಸಿದರೆ ಭಿನ್ನರಾಶಿಯ ಮೇಲೆ ಭಿನ್ನರಾಶಿ ಬಂದು ಪುಟ ತುಂಬುತ್ತದೆ, ತಪ್ಪಿಗೆ ಜಾಗ ಜಾಸ್ತಿ ಆಗುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಋಣ ಘಾತಾಂಕದಲ್ಲೇ ನಡೆಸಿ, ಕೊನೆಯ ಸಾಲಿನಲ್ಲಿ ಒಮ್ಮೆ ಮಾತ್ರ ಧನ ಘಾತಾಂಕಕ್ಕೆ ತಿರುಗಿಸಿ.

ತಿರುಗಿಸುವಾಗಲೂ ಆಧಾರ ಮಾತ್ರ ಕೆಳಗೆ ಹೋಗುತ್ತದೆ. 3ಕ⁻² = 3/ಕ². 3 ಮೇಲೇ ಇರುತ್ತದೆ, ಅದರ ಮೇಲೆ ಋಣ ಘಾತಾಂಕ ಇಲ್ಲವಲ್ಲ. 2⁻³ ಅಂದರೆ 1/8. ಅದು −8 ಅಲ್ಲ, −6 ಅಂತೂ ಅಲ್ಲವೇ ಅಲ್ಲ. ಋಣ ಘಾತಾಂಕ ಸಂಖ್ಯೆಯ ಚಿಹ್ನೆಯನ್ನು ಮುಟ್ಟುವುದಿಲ್ಲ. ಭಿನ್ನರಾಶಿಯ ಮೇಲೆ ಇದ್ದರೆ ತಲೆಕೆಳಗು ಮಾಡಿ: (2/3)⁻² = (3/2)² = 9/4.

ಒಂದು ಕಡೆ ಮಾತ್ರ ಮೊದಲೇ ತಿರುಗಿಸಬೇಕು: ಋಣ ಘಾತಾಂಕದ ಪದಗಳ ನಡುವೆ ಕೂಡುವ ಚಿಹ್ನೆ ಇದ್ದಾಗ. (ಕ⁻¹ + ಗ⁻¹)⁻¹ ಕೊಟ್ಟರೆ ಬಹಳ ಮಂದಿ ಕ + ಗ ಎಂದು ಬರೆದು ಮುಂದೆ ಹೋಗುತ್ತಾರೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಮಾಂತರ ಜೋಡಣೆಯ ರೋಧಕಗಳಿಗೆ ಬರುವುದು ಇದೇ ರೂಪ. 6 ಓಮ್, 3 ಓಮ್ ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 9 ಓಮ್ ಅಲ್ಲ, 2 ಓಮ್. 1/6 + 1/3 = 1/2, ತಿರುಗಿಸಿದರೆ 2. ಬೀಜಗಣಿತದಲ್ಲಿ: ಒಳಗೆ (ಗ + ಕ)/ಕಗ, ತಿರುಗಿಸಿದರೆ ಕಗ/(ಕ + ಗ). 6 × 3 / 9 = 2, ತಾಳೆ ಆಯಿತು.

## ಪೂರ್ತಿ ಲೆಕ್ಕ ಒಂದು

ಸರಳೀಕರಿಸಿ: (2ಕ³ಗ⁻²)³ × 3ಕ⁻⁴ಗ⁵ / (6ಕ²ಗ⁻¹)². ಕೊನೆಯ ಆವರಣ ಮಾತ್ರ ಛೇದದಲ್ಲಿದೆ.

ಅಡಿಗೆರೆ: ಮೊದಲ ಆವರಣ ಪೂರ್ತಿಗೆ 3, ಕೊನೆಯ ಆವರಣ ಪೂರ್ತಿಗೆ 2. ನಡುವಿನ 3ಕ⁻⁴ಗ⁵ ದಲ್ಲಿ 3 ರ ಮೇಲೆ ಏನೂ ಇಲ್ಲ. ಆವರಣದ ಹೊರಗೆ + ಅಥವಾ − ಎಲ್ಲೂ ಇಲ್ಲ, ಹಾಗಾಗಿ ಇಡೀ ಲೆಕ್ಕ ಒಂದೇ ತುಂಡು.

ಮೊದಲ ಆವರಣ ಬಿಚ್ಚಿ: 8ಕ⁹ಗ⁻⁶
ಕೊನೆಯ ಆವರಣ ಬಿಚ್ಚಿ: 36ಕ⁴ಗ⁻²
ಅಂಶದ ಗುಣಾಕಾರ: 8 × 3 = 24, ಕ ಗೆ 9 + (−4) = 5, ಗ ಗೆ −6 + 5 = −1. ಅಂಶ 24ಕ⁵ಗ⁻¹.
ಭಾಗಾಕಾರ: 24/36 = 2/3, ಕ ಗೆ 5 − 4 = 1, ಗ ಗೆ −1 − (−2) = 1.

ಉತ್ತರ: 2ಕಗ/3. ಋಣ ಘಾತಾಂಕ ತಾನಾಗಿಯೇ ಹೋಯಿತು ನೋಡಿ. ಶುರುವಿನಲ್ಲೇ ಎಲ್ಲವನ್ನೂ ಕೆಳಗೆ ತಂದಿದ್ದರೆ ಆ ಕೆಲಸವೆಲ್ಲ ದಂಡ ಆಗುತ್ತಿತ್ತು.

ಕೂಡುವ ಚಿಹ್ನೆ ಇರುವ ಇನ್ನೊಂದು: (3ಕ²)² + 2ಕ(ಕ³ − 4) − ಕ⁶/ಕ². ಇದರಲ್ಲಿ ಮೂರು ತುಂಡು. ಒಂದೊಂದಾಗಿ: 9ಕ⁴, ಆಮೇಲೆ 2ಕ⁴ − 8ಕ, ಆಮೇಲೆ ಕ⁴. ಈಗ ಸಜಾತಿ ಪದಗಳನ್ನು ಸೇರಿಸಿ: 9 + 2 − 1 = 10, ಉತ್ತರ 10ಕ⁴ − 8ಕ. ಇಲ್ಲಿಗೆ ನಿಲ್ಲಿಸಿ. ಕ⁴ ಮತ್ತು ಕ ವಿಜಾತಿ ಪದಗಳು, 2ಕ³ ಎಂದು ಬರೆದು ಬಂದ ಉತ್ತರ ಕೆಡಿಸಬೇಡಿ.

## ಇದೇ ಕ್ರಮ ಭೌತಶಾಸ್ತ್ರದಲ್ಲಿ

ದ್ವಿತೀಯ ಪಿಯುಸಿಯ ಮೊದಲ ಅಧ್ಯಾಯದಲ್ಲೇ ಕೂಲಂಬ್ ನಿಯಮ ಬರುತ್ತದೆ. ಗಾಳಿಯಲ್ಲಿ 2 ಮೈಕ್ರೋಕೂಲಂಬ್, 3 ಮೈಕ್ರೋಕೂಲಂಬ್ ಚಾರ್ಜ್‌ಗಳು 3 ಸೆಂಟಿಮೀಟರ್ ದೂರದಲ್ಲಿವೆ, ಬಲ ಎಷ್ಟು? ಬೆಲೆ ಹಾಕಿದರೆ (9 × 10⁹ ಸೂತ್ರದ ಸ್ಥಿರಾಂಕ, ಛೇದದಲ್ಲಿರುವುದು ದೂರದ ವರ್ಗ):

(9 × 10⁹ × 2 × 10⁻⁶ × 3 × 10⁻⁶) / (3 × 10⁻²)²

ಸಂಖ್ಯೆಗಳು ಒಂದು ಕಡೆ, ಹತ್ತರ ಘಾತಗಳು ಇನ್ನೊಂದು ಕಡೆ. ಅಂಶ: 54 × 10⁻³. ಛೇದ: 9 × 10⁻⁴. ಭಾಗಿಸಿದರೆ 6 × 10¹, ಅಂದರೆ 60 ನ್ಯೂಟನ್. ಛೇದದ 3 ನ್ನು ವರ್ಗ ಮಾಡಲು ಮರೆತರೆ 180 ಬರುತ್ತದೆ. ಭೌತಶಾಸ್ತ್ರ ಕಷ್ಟ ಎನ್ನುವ ಎಷ್ಟೋ ಮಕ್ಕಳಿಗೆ ನಿಜವಾಗಿ ಕಷ್ಟ ಆಗಿರುವುದು ಈ ಒಂದು ಆವರಣ.

## ಹಂತ 8: ಬೆಲೆ ಹಾಕಿ ತಾಳೆ ನೋಡಿ

ಕೊಟ್ಟ ಬೀಜೋಕ್ತಿಯಲ್ಲಿ ಮತ್ತು ನಿಮ್ಮ ಉತ್ತರದಲ್ಲಿ ಒಂದೇ ಬೆಲೆ ಹಾಕಿ, ಎರಡೂ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಚಿತ. ಬೆಲೆ ಆರಿಸುವುದರಲ್ಲೂ ವಿಷಯ ಇದೆ. 1 ಬೇಡ, 1 ರ ಎಲ್ಲ ಘಾತವೂ 1, ಘಾತಾಂಕದ ತಪ್ಪು ಅದರಲ್ಲಿ ಕಾಣುವುದೇ ಇಲ್ಲ. 0 ಬೇಡ. 2 ಕೂಡ ಅಷ್ಟು ಒಳ್ಳೆಯದಲ್ಲ, 2² ಮತ್ತು 2 × 2 ಎರಡೂ 4 ಆಗಿ ಕ² ಮತ್ತು 2ಕ ನಡುವಿನ ತಪ್ಪು ಮುಚ್ಚಿಹೋಗುತ್ತದೆ. ನಾನು ಕ = 3, ಗ = 5 ಇಡಲು ಹೇಳುತ್ತೇನೆ.

ಎರಡನೇ ಲೆಕ್ಕ ನೋಡಿ, ಕ = 3: 27² = 729, 6 × 23 = 138, 729/9 = 81. 729 + 138 − 81 = 786. ಉತ್ತರದಲ್ಲಿ 10 × 81 − 24 = 786. ಸರಿ ಇದೆ. ಮೊದಲ ಲೆಕ್ಕದಲ್ಲಿ ಕ = 3, ಗ = 5 ಹಾಕಿದರೆ ಎರಡೂ ಕಡೆ 10 ಬರುತ್ತದೆ, ಕೂತು ಮಾಡಿ ನೋಡಿ.

ತಾಳೆ ಆಗದಿದ್ದರೆ ಇಡೀ ಲೆಕ್ಕ ಹೊಡೆದುಹಾಕಬೇಡಿ. ನಡುವಿನ ಒಂದು ಸಾಲಿಗೆ ಅದೇ ಬೆಲೆ ಹಾಕಿ. ಅದು ಕೊಟ್ಟ ಲೆಕ್ಕಕ್ಕೆ ಹೊಂದಿದರೆ ತಪ್ಪು ಅದರ ಕೆಳಗಿದೆ, ಹೊಂದದಿದ್ದರೆ ಮೇಲಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ತಪ್ಪಿದ ಸಾಲು ಬೇಗ ಸಿಕ್ಕಿಬೀಳುತ್ತದೆ. ಒಂದು ಸಾಲಿನಲ್ಲಿ ಒಂದೇ ಬದಲಾವಣೆ ಮಾಡಿದವರಿಗೆ ಮಾತ್ರ ಇದು ಕೆಲಸ ಮಾಡುತ್ತದೆ.

ಬೆಲೆ ಹಾಕದೆಯೂ ಕೆಲವು ಗುರುತು ಹಿಡಿಯಬಹುದು. ಒಂದೇ ಪದದಲ್ಲಿ ಕ ಎರಡು ಸಲ ಇದ್ದರೆ ಕೆಲಸ ಮುಗಿದಿಲ್ಲ. ಕೊನೆಯ ಸಾಲಿನಲ್ಲಿ ಋಣ ಘಾತಾಂಕ ಇದ್ದರೆ, ಪ್ರಶ್ನೆಯಲ್ಲಿ ಧನ ಘಾತಾಂಕ ಕೇಳಿದ್ದಾರಾ ಎಂದು ಮತ್ತೆ ಓದಿ. ಲೆಕ್ಕದಲ್ಲಿ ಎಲ್ಲ ಘಾತಾಂಕವೂ ಹತ್ತರೊಳಗಿದ್ದು ಉತ್ತರದಲ್ಲಿ ಕ³⁶ ಬಂದಿದ್ದರೆ, ಕೂಡಬೇಕಾದ ಕಡೆ ಗುಣಿಸಿರುವ ಸಾಧ್ಯತೆ ಜಾಸ್ತಿ.

## ಮಾಡಿ ನೋಡಲು

1. (−2ಕ²)³ × ಕ⁻⁵
2. 5ಕ⁰ + (5ಕ)⁰
3. (ಕ⁻²ಗ³)⁻² / (ಕಗ⁻¹)³
4. (6ಕ⁵ − 9ಕ³) / 3ಕ² (3ಕ² ಪೂರ್ತಿ ಛೇದದಲ್ಲಿದೆ)
5. −4² + (−4)²

ಉತ್ತರಗಳು ಕ್ರಮವಾಗಿ: −8ಕ; 6; ಕ/ಗ³; 2ಕ³ − 3ಕ; 0. ಮೂರನೆಯದರಲ್ಲಿ ಸಿಕ್ಕಿಹಾಕಿಕೊಂಡರೆ ಹಂತ 5 ರ ಆವರಣ ಹಾಕಿದ್ದೀರಾ ನೋಡಿ, ಐದನೆಯದರಲ್ಲಿ 32 ಅಥವಾ −32 ಬಂದರೆ ಹಂತ 1 ಕ್ಕೆ ವಾಪಸ್ ಹೋಗಿ.